ಶಂಭುಲಿಂಗನ ಎಂಜಿನ್ನಿಗೆ ಹಗಲು ರಜೆ

ಯಲವಿಗಿಯ ರೈತರ ಸಂಘಕ್ಕೊಂದು ಪುಟ್ಟ ವಿದ್ಯುತ್ ಸ್ಥಾವರವಿದೆ. ಸಗಣಿ, ಗೋವಿನಜೋಳದ ದಂಟು ಕೊಳೆಸಿ, ಅದರಿಂದ ಬಂದ ಗ್ಯಾಸನ್ನು ದೊಡ್ಡ ರಬ್ಬರ್ ಬಲೂನಿನಲ್ಲಿ ಹಿಡಿದು, ಎಂಜಿನ್ ಓಡಿಸಿ ಕರೆಂಟು ಮಾಡಿ ಮಾರುತ್ತಾರೆ. ಆ ಎಂಜಿನ್ ನೋಡಿಕೊಳ್ಳುವವನು ಶಂಭುಲಿಂಗ. ಉಣ್ಣುವಾಗ ಅದರ ಸದ್ದು ತುಸು ಏರುಪೇರಾದರೂ ಸಾಕು, ತಾಟು ಬಿಟ್ಟು ಓಡುವ ಆಸಾಮಿ. "ನನಗ ಸವತಿ ಅದ" ಎಂದು ಹೆಂಡತಿ ರಂಜನಾ ಊರೆಲ್ಲ ಹೇಳಿಕೊಂಡು ನಗುತ್ತಾಳೆ.

ಆ ಎಂಜಿನ್ನನ್ನು ನಿಲ್ಲಿಸುವಂತಿರಲಿಲ್ಲ. ಅದು ಶುರುವಾದ ದಿನ ಸಂಘದ ಅಧ್ಯಕ್ಷ ಮಹಾಲಿಂಗಪ್ಪನವರು ಬಸವಣ್ಣನ ಗುಡಿಯಿಂದ ದೀಪ ತಂದು ಬೆಳಗಿ, "ಇದು ನಮ್ಮೂರ ನಂದಾದೀಪ, ಆರಬಾರದು" ಎಂದು ಸಾರಿಬಿಟ್ಟಿದ್ದರು. ಹಿರಿಯರ ಮಾತು, ಎದುರಾಡುವವರು ಯಾರು? ಎಣ್ಣೆ ಬದಲಿಸಲು ಗಳಿಗೆ ಹೊತ್ತು ನಿಲ್ಲಿಸಬೇಕಾದರೂ ಶಂಭುಲಿಂಗ ಮೊದಲು ಕಾಯಿ ಒಡೆಯುತ್ತಿದ್ದ.

ಹೀಗೆ ಎಂಜಿನ್ ಹಗಲೂ ರಾತ್ರಿ ಅರ್ಧ ದಮ್ಮಿನಲ್ಲಿ ಓಡುತ್ತಲೇ ಇತ್ತು, ಸಂಘ ಮುಳುಗುತ್ತಲೇ ಇತ್ತು. ಎಲ್ಲೆಲ್ಲೂ ಸೋಲಾರ್ ಬಂದಮೇಲೆ ಹಗಲಿನ ಕರೆಂಟು ಯಾರಿಗೂ ಬೇಡವಾಗಿತ್ತು. ಬೆಲೆ ಬರುವುದು ಹೊತ್ತು ಮುಳುಗಿದ ಮೇಲೆ, ಆಗ ಜೋರಾಗಿ ಓಡಿಸುವಷ್ಟು ಗ್ಯಾಸೇ ಇವರ ಬಳಿ ಉಳಿದಿರುತ್ತಿರಲಿಲ್ಲ. ಕೊನೆಗೆ ಮಹಾಲಿಂಗಪ್ಪನವರೇ ಕಣ್ಣೊರೆಸಿಕೊಂಡು ಹೇಳಿದರು: "ದೀಪಾವಳಿ ಮಟಾ ನೋಡೂಣು, ಶಂಭು. ಆಮ್ಯಾಲೆ ಎಂಜಿನ್ ಮಾರಿಬಿಡೂದ."

ಆ ದಿನಗಳಲ್ಲೇ ಸವಣೂರಿನ ಶ್ರೀನಿವಾಸರಾಯರು ಬಂದರು. ಪರರಾಜ್ಯದ ದೊಡ್ಡ ಗ್ಯಾಸ್ ವಿದ್ಯುತ್ ಸ್ಥಾವರವೊಂದರಲ್ಲಿ ನೌಕರಿ ಮುಗಿಸಿ ಊರಿಗೆ ಮರಳಿದ್ದವರು. ಸ್ಟೇಶನ್ನಿನಲ್ಲಿ ರೈಲು ತಡವಾಗಿ, ಎಂಜಿನ್ನಿನ ಸದ್ದು ಕೇಳಿ ನಡೆದು ಬಂದಿದ್ದರು. ಹಳೇ ಚಟ!

"ಹಗಲೆಲ್ಲಾ ಯಾಕ ಓಡಸ್ತೀಯಪಾ?" ಎಂದರು. "ಗ್ಯಾಸ್ ಬಲೂನಿನ್ಯಾಗ ತುಂಬಿಸಿಡು. ಸಂಜೀಕೆ ಪೂರಾ ಜೋರಿನಿಂದ ಓಡಸು."

"ನಿಂತ್ರ ತಣ್ಣಗಾಗ್ತೈತ್ರಿ ರಾಯರ. ತಣ್ಣಗಾದ ಮ್ಯಾಲೆ ಎಬ್ಬಿಸಾಕ ಹೋಗಿ ಒಡದ್ರ, ಗುಜರಿಯವನೂ ತಗೊಳ್ಳಾಂಗಿಲ್ರಿ."

"ತಣ್ಣಗಾಗಲಿಕ್ಕೆ ಬಿಟ್ಟರಲ್ಲೇನು?"

ಆಫೀಸಿನ ಮಾಳಿಗೆಯ ಮೇಲೆ ಬಿಸಿಲಿಗೆ ನೀರು ಕಾಯುವ ಟ್ಯಾಂಕೊಂದಿತ್ತು. ಆ ನೀರನ್ನು ಎಂಜಿನ್ನಿನ ಒಳಗೆ ಹರಿಸುತ್ತಿದ್ದರೆ ಅದರ ಮೈ ಬೆಚ್ಚಗಿರುತ್ತದೆ, ಸಂಜೆ ಕರೆದ ಕೂಡಲೇ ಏಳುತ್ತದೆ ಎಂದರು ರಾಯರು. ಬರೀ ಹೇಳಿ ಹೋಗಲಿಲ್ಲ ಪುಣ್ಯಾತ್ಮರು. ಮರುದಿನದಿಂದ ತಾವೇ ಬಂದು, ಧೋತರ ಮೇಲೆ ಕಟ್ಟಿ, ಶಂಭುಲಿಂಗನ ಜೊತೆ ಪೈಪು ಜೋಡಿಸಿದರು. ಉಳಿದದ್ದು ನಂದಾದೀಪದ ಪ್ರಶ್ನೆ. ಅದಕ್ಕೂ ಅವರೇ ಉತ್ತರ ಕೊಟ್ಟರು: "ಮಧ್ಯಾಹ್ನ ಗುಡಿ ಬಾಗಲಾ ಹಾಕ್ತಾರಲ್ರೀ ಮಹಾಲಿಂಗಪ್ಪನವರ, ದೇವರೇನು ಎದ್ದು ಹೋಗಿರ್ತಾನೇನು?" ಮಹಾಲಿಂಗಪ್ಪನವರು ಗಡ್ಡ ಕೆರೆದುಕೊಂಡು ಒಪ್ಪಿದರು.

ಮೊದಲ ಸಲ ಬೆಳಗ್ಗೆ ಎಂಜಿನ್ ನಿಲ್ಲಿಸಿದಾಗ ಊರು ಬೆಚ್ಚಿಬಿತ್ತು. ಸಗಣಿ ಮಾರುವ ಕುಲಸುಮಬಿ ಎಮ್ಮೆ ಹಿಂಡುವುದನ್ನು ಅರ್ಧಕ್ಕೇ ಬಿಟ್ಟು, "ಸತ್ತ ಹೋತೇನೋ ಶಂಭು?" ಎನ್ನುತ್ತ ಓಡಿ ಬಂದಳು. ಹೀಗೆ ಓಡಿ ಬಂದವರು ಯಾರೂ ಮನೆಗೆ ಹೋಗಲೇ ಇಲ್ಲ. ಬಲೂನು ಉಬ್ಬುವುದನ್ನು ನೋಡುತ್ತ ಕೂತರು.

ಹೊತ್ತು ಇಳಿಯಿತು. ಶಂಭುಲಿಂಗ ಗುಂಡಿ ಒತ್ತಿದ. ಎಂಜಿನ್ ಒಮ್ಮೆ ಕೆಮ್ಮಿ ಸುಮ್ಮನಾಯಿತು. ಮತ್ತೊಮ್ಮೆ ಒತ್ತಿದ. ಈ ಸಲ ಎದ್ದಿತು, ಎಂದೂ ಕೇಳದಷ್ಟು ಜೋರಿನಲ್ಲಿ.

ದೀಪಾವಳಿ ಬಂತು, ಹೋಯಿತು. ಸಂಜೆಯ ದುಡಿಮೆಯೇ ಮುಂಚಿನ ಇಡೀ ದಿನದ ದುಡಿಮೆಯನ್ನು ಮೀರಿಸಿತು. ಮಾರುವ ಮಾತನ್ನು ಯಾರೂ ಎತ್ತಲಿಲ್ಲ. ಹಬ್ಬದ ಮರುವಾರ ರಾಯರು ಬಂದಾಗ ಶಂಭುಲಿಂಗ ಅವರ ಕಾಲಿಗೆ ಬಿದ್ದುಬಿಟ್ಟ. "ನಿಮ್ಮ ಉಪಕಾರ ಹೆಂಗ ತೀರಸ್ಲಿರಿ?"

ರಾಯರು ಅವನನ್ನು ಎಬ್ಬಿಸಿದರು. "ನಮ್ಮ ಸ್ಥಾವರದಾಗ ಈ ಬುದ್ಧಿ ಬರೋದ್ರಾಗ ತಡಾ ಆಗಿತ್ತಪಾ. ಕೀಲಿ ಹಾಕಿದರು. ಕಡೀ ಸಲ ನಿಲ್ಲಿಸಿದಾಂವ ನಾನ. ಮತ್ತ ಶುರು ಮಾಡೋ ಯೋಗ ಬರಲಿಲ್ಲ." ಆಮೇಲೆ ಸಂಕೋಚದಿಂದ ಕೇಳಿದರು: "ಇವತ್ತೊಂದು ಸಲ ನಾ ಚಾಲೂ ಮಾಡಲೇನು?"

ಶಂಭುಲಿಂಗ ಪಕ್ಕಕ್ಕೆ ಸರಿದು ನಿಂತ. ರಾಯರು ಚಪ್ಪಲಿ ಬಿಟ್ಟು ಮುಂದೆ ಬಂದು ಗುಂಡಿ ಒತ್ತಿದರು. ಎಂಜಿನ್ ಒಂದೇ ಸಲಕ್ಕೆ ಎದ್ದಿತು. ಆ ಸದ್ದಿನಲ್ಲಿ ಅವರು ಏನೋ ಹೇಳಿದ್ದು ಶಂಭುಲಿಂಗನಿಗೆ ಕೇಳಿಸಲಿಲ್ಲ. ಆದರೆ ಅವರು ಎಂಜಿನ್ನಿಗಲ್ಲ, ತನಗೇ ಕೈ ಮುಗಿಯುತ್ತಿದ್ದುದು ಅವನಿಗೆ ಕಂಡಿತು.