ಆ ಗುಡ್ಡದ ಮನೆಯ ರೊಟ್ಟಿ

ಕಲ್ಲುಗುಡ್ಡ ಸುತ್ತುವುದು ನನಗಿರುವ ಒಂದು ಹುಚ್ಚು. ಜಲನಗರದ ಮನೆಯಲ್ಲಿ ಫ್ಯಾನಿನ ಕೆಳಗೆ ಕೂತರೆ ಮೈಯೆಲ್ಲ ಜಡ. "ಗೋಳಗುಮ್ಮಟದ ಸುತ್ತ ಅಡ್ಡಾಡಿದ್ರ ಸಾಲೂದಿಲ್ಲೇನ್ರಿ? ಆ ಸುಡುಗಾಡ ಗುಡ್ಡದಾಗ ಏನೈತಿ?" ಎಂದು ಹೆಂಡತಿ ಗೊಣಗುತ್ತಾಳೆ. ಏನೂ ಇಲ್ಲ, ಅದಕ್ಕೇ ಹೋಗುತ್ತೇನೆ.

ಕಳೆದ ಬೇಸಿಗೆಯಲ್ಲಿ ತಿಕೋಟಾದಲ್ಲಿ ಬಸ್ಸಿಳಿದು ಬಬಲೇಶ್ವರದ ಕಡೆಗೆ ಅಡ್ಡದಾರಿ ಹಿಡಿದೆ. ರಸ್ತೆ ಬಿಟ್ಟರೆ ಬರೀ ಕರಿಕಲ್ಲು, ಒಣಹುಲ್ಲು, ಅಲ್ಲೊಂದು ಇಲ್ಲೊಂದು ಜಾಲಿ. ನಡುಮಧ್ಯಾಹ್ನಕ್ಕೆ ಬಾಟಲಿಯ ನೀರು ಮುಗಿಯಿತು. ಮೊಬೈಲಿಗೆ ಸಿಗ್ನಲ್ ಇಲ್ಲ. ಸ್ವಲ್ಪ ಹೊತ್ತಿಗೆ ಬೆವರು ಬರುವುದೇ ನಿಂತು ಕಣ್ಣು ಕತ್ತಲೆ ಕಟ್ಟತೊಡಗಿತು. ಇಲ್ಲೇ ಬಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದು ನಿಜಕ್ಕೂ ಹೆದರಿದೆ.

ಇಳಿಜಾರಿನಲ್ಲಿ ಒಂದು ತಗಡಿನ ಮನೆ ಕಂಡಿತು. ಕಟ್ಟೆಯ ಮೇಲೆ ಒಬ್ಬನೇ ಕೂತಿದ್ದ ಬಿಳಿಗಡ್ಡದ ಅಜ್ಜ ನನ್ನನ್ನು ಕಂಡವನೇ ಓಡಿಬಂದು ರಟ್ಟೆ ಹಿಡಿದ. ಒಳಗೆ ಮಲಗಿಸಿ ನೆತ್ತಿಯ ಮೇಲೆ ಒದ್ದೆ ಟವೆಲ್ ಇಟ್ಟ. ತಂಬಿಗೆಗೆ ಕೈ ಚಾಚಿದರೆ ಹಿಂದಕ್ಕೆಳೆದುಕೊಂಡ.

"ಗಟಗಟ ಕುಡೀಬ್ಯಾಡ್ರಿ. ಒಂದೊಂದ ಗುಟುಕು."

ಪ್ರತಿ ಗುಟುಕು ಇಳಿಯುವವರೆಗೆ ಕಾದು ಮತ್ತೆ ತಂಬಿಗೆ ಕೊಡುತ್ತಿದ್ದ. ವಯಸ್ಸಾದವರ ಅತಿ ಜಾಗ್ರತೆ ಎಂದುಕೊಂಡೆ.

ಚೇತರಿಸಿಕೊಂಡ ಮೇಲೆ ಅಜ್ಜ ಬಟ್ಟೆಯ ಗಂಟು ಬಿಚ್ಚಿ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಝುಣಕ ಬಡಿಸಿದ. ನಾಚಿಕೆ ಬಿಟ್ಟು ತಿನ್ನತೊಡಗಿದೆ. ಸಾಲದ್ದಕ್ಕೆ, "ಸ್ವಲ್ಪ ಚಾ ಸಿಕ್ಕೀತೇನ್ರಿ, ಅಜ್ಜಾರ?" ಎಂದೂ ಕೇಳಿದೆ.

"ಕುಂದರ್ರಿ, ತರತೇನಿ" ಎಂದವನು ತಲೆಗೆ ಟವೆಲ್ ಸುತ್ತಿಕೊಂಡು ಆ ಬಿಸಿಲಲ್ಲೇ ಹಳ್ಳದಾಚೆಯ ತೋಟದ ಮನೆಗೆ ನಡೆದ. ಚರಿಗೆಯಲ್ಲಿ ಚಾ ಹಿಡಿದು ಬಂದ. ಮೂಲೆಯಲ್ಲೇ ಒಲೆ ಇತ್ತು, ಪಕ್ಕದಲ್ಲಿ ಕಟ್ಟಿಗೆಯೂ ಇತ್ತು.

"ಇಲ್ಲೇ ಒಲಿ ಐತಲ್ರಿ, ಅಷ್ಟ ದೂರ ಯಾಕ ಹೋದ್ರಿ?"

"ನಿನ್ನೆ ಮಗಳನ್ನ ಮಣ್ಣ ಮಾಡೇವ್ರಿ" ಎಂದ. "ಸತ್ತ ಮನ್ಯಾಗ ಮೂರು ದಿನ ನಮ್ಮ ಮಂದ್ಯಾಗ ಒಲಿ ಹಚ್ಚೂದಿಲ್ಲ. ಈ ರೊಟ್ಟಿ ತೋಟದ ಗೌಡ್ರ ಮನಿಯಿಂದ ಬಂದಾವ."

ಮಣ್ಣಿಗೆ ಬಂದ ನೆಂಟರೆಲ್ಲ ಮುಂಜಾನೆಯೇ ಹೋಗಿದ್ದರು. ಮನೆಯಲ್ಲಿ ಇನ್ನು ಅವನೊಬ್ಬನೇ. ಮಗಳು ಒಣದ್ರಾಕ್ಷಿ ಶೆಡ್ಡಿನ ಕೆಲಸ ಮುಗಿಸಿ, ನಾನು ಬಂದ ಗುಡ್ಡದ ಮೇಲೇ ನಡೆದು ಬರುತ್ತಿದ್ದಳಂತೆ. ಬಿಸಿಲು ಬಡಿದು ಜಾಲಿಯ ಬುಡದಲ್ಲಿ ಬಿದ್ದಿದ್ದಳು. ಕುರಿ ಕಾಯುವವರು ಕೂಗಿದಾಗ ಅಜ್ಜ ಓಡಿಹೋಗಿ ಇದೇ ತಂಬಿಗೆಯನ್ನು ಅವಳ ಬಾಯಿಗೆ ಹಿಡಿದಿದ್ದ.

"ನೀರು ಒಳಗ ಇಳೀಲಿಲ್ರಿ" ಎಂದ.

ಬಾಯಲ್ಲಿದ್ದ ತುತ್ತು ನನಗೂ ಇಳಿಯಲಿಲ್ಲ. ಅವನ ದುಃಖದ ಅನ್ನಕ್ಕೆ ಕೈ ಹಾಕಿದೆನಲ್ಲ ಎಂದು ಸಂಕಟವಾಯಿತು. ಉಳಿದ ರೊಟ್ಟಿಯನ್ನು ತಟ್ಟೆಯಲ್ಲಿಟ್ಟೆ. ಅಜ್ಜ ತಟ್ಟೆಯನ್ನು ಮತ್ತೆ ನನ್ನ ಕಡೆಗೇ ಸರಿಸಿದ.

"ಬಿಡಬ್ಯಾಡ್ರಿ. ನಿಮಗ ಇಳೀತೈತಿ. ಉಣ್ರಿ, ನಾ ನೋಡ್ತೇನಿ."

ನಾನು ಉಂಡೆ. ಕೊನೆಯ ತುತ್ತಿನ ತನಕ ಅವನು ನನ್ನ ಗಂಟಲನ್ನೇ ನೋಡುತ್ತ ಕೂತಿದ್ದ.