ಎಂಬತ್ತನಾಲ್ಕು ಹುಣಸೆ ಬೀಜ

ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದೇ ನನ್ನ ಕೆಲಸ. ಒಂದೇ ಸಲ ಆದದ್ದನ್ನು ನಂಬುವ ಪೈಕಿ ನಾನಲ್ಲ. ಪವಾಡ ಗಿವಾಡ ಎಂದವರನ್ನು ಕ್ಯಾಂಟೀನಿನಲ್ಲಿ ಬೇಕಾದಷ್ಟು ಗೋಳು ಹೊಯ್ದುಕೊಂಡಿದ್ದೇನೆ. ಹಾಗಾಗಿ ಇದನ್ನು ಓದಿ ನೀವು ನಕ್ಕರೆ ನನಗೇನೂ ಬೇಜಾರಿಲ್ಲ.

ಹೈದರಾಬಾದಿನಲ್ಲಿ ದಿನಕ್ಕೊಂದು ಐಟಿ ಕಟ್ಟಡ ಏಳುತ್ತಿದ್ದ ಕಾಲ. ಆಫೀಸು ಕೊಂಡಾಪುರದಲ್ಲಿ, ಈಜು ಸನತ್‌ನಗರದ ಹಳೆಯ ಕೊಳದಲ್ಲಿ. ಶ್ರೀಲಂಕಾದಿಂದ ಧನುಷ್ಕೋಡಿಗೆ ಈಜಿ ಹೆಂಗಸರ ದಾಖಲೆ ಮುರಿಯುತ್ತೇನೆ ಎಂದಾಗ ಎಲ್ಲರೂ ನಕ್ಕರು. ನಗದವರು ಕೊಳದ ವಾಚ್‌ಮನ್ ಶಿವಪ್ಪನವರು ಒಬ್ಬರೇ. ಯಾದಗಿರಿ ಕಡೆಯವರು. ನನ್ನ ಸುತ್ತು ಎಣಿಸುವ ಕೆಲಸ ತಾವೇ ಹೊತ್ತುಕೊಂಡಿದ್ದರು. ನಾನು ಗೋಡೆ ಮುಟ್ಟಿದಾಗೆಲ್ಲ ಒಂದು ಹುಣಸೆ ಬೀಜ ಅವರ ತಗಡಿನ ಡಬ್ಬಿಗೆ ಟಣ್ ಎಂದು ಬೀಳುತ್ತಿತ್ತು.

ಯಾವ ದಿನವೆಂದು ಶಿವಪ್ಪನವರಿಗೂ ಹೇಳದೆ, ಒಂದು ಸೋಮವಾರ ನಸುಕಿನಲ್ಲೇ ಶ್ರೀಲಂಕಾದ ದಡದಿಂದ ಸಮುದ್ರಕ್ಕಿಳಿದೆ. ಮಧ್ಯಾಹ್ನದ ಹೊತ್ತಿಗೆ ಉಪ್ಪಿಗೆ ನಾಲಿಗೆ ಊದಿಕೊಂಡಿತ್ತು, ಕುಡಿದ ಗಂಜಿಯೆಲ್ಲ ವಾಂತಿಯಾಗಿತ್ತು, ಸೆಳೆತ ಎದುರಾಗಿತ್ತು. ಕೈ ಬಡಿಯುತ್ತಿದ್ದೆ, ಮುಂದೆ ಹೋಗುತ್ತಿರಲಿಲ್ಲ. ಜೊತೆಯ ದೋಣಿಯಲ್ಲಿದ್ದ ವೀಕ್ಷಕರು, "ಇನ್ನು ಹತ್ತು ನಿಮಿಷ ನೋಡ್ತೀನಮ್ಮ, ಆಮೇಲೆ ಮೇಲಕ್ಕೆತ್ತಿಬಿಡ್ತೀನಿ" ಎಂದರು. ದೋಣಿ ಮುಟ್ಟಿದರೆ ಎರಡು ವರ್ಷದ ಬೆವರು ಅಲ್ಲಿಗೇ ಮುಗಿದಂತೆ. ನೀರಿನಲ್ಲೇ ಅತ್ತೆ.

ಆಗ ಟಣ್ ಎಂದಿತು.

ಬಾಯಿಗೆ ಬಂದ ನೀರಿನಲ್ಲಿ ಉಪ್ಪಿರಲಿಲ್ಲ. ಕ್ಲೋರಿನ್ ಇತ್ತು, ನಮ್ಮ ಕೊಳದ ಅದೇ ಘಾಟು. ಅಲೆಯಿಲ್ಲ, ಸೆಳೆತವಿಲ್ಲ, ಕೆಳಗೆ ಕೊಳದ ತಳದ ಕಪ್ಪು ಗೆರೆ. ಗೋಡೆ ಮುಟ್ಟಿದೆ, ತಿರುಗಿದೆ, ಟಣ್. ಮತ್ತೆ ಮುಟ್ಟಿದೆ, ಟಣ್. ಎಷ್ಟು ಹೊತ್ತೋ ಗೊತ್ತಿಲ್ಲ. ಬಾಯಿಗೆ ಮತ್ತೆ ಉಪ್ಪು ಹತ್ತಿದಾಗ ಕಾಲಿಗೆ ಮರಳು ಸಿಕ್ಕಿತು. ಧನುಷ್ಕೋಡಿ. ಹನ್ನೊಂದು ನಿಮಿಷದ ಅಂತರದಲ್ಲಿ ದಾಖಲೆ ನನ್ನದಾಗಿತ್ತು. ಮರಳಿನ ಮೇಲೆ ಬಿದ್ದು ಹುಚ್ಚಿಯ ಹಾಗೆ ನಕ್ಕೆ. ಅಷ್ಟು ಸಂತೋಷ ನನಗೆ ಮತ್ತೆಂದೂ ಆಗಿಲ್ಲ. "ಗೆರೆ ಎಳೆದ ಹಾಗೆ ನೆಟ್ಟಗೆ ಬಂದ್ರಿ, ಏನಾಯ್ತು ನಿಮಗೆ?" ಎಂದರು ವೀಕ್ಷಕರು. ದಣಿದ ತಲೆಯ ಭ್ರಮೆ ಎಂದುಕೊಂಡೆ.

ಹೈದರಾಬಾದಿಗೆ ಮರಳಿ ಪೇಡೆ ಹಿಡಿದು ಕೊಳಕ್ಕೆ ಹೋದರೆ ಶಿವಪ್ಪನವರು ಮುಖ ಊದಿಸಿಕೊಂಡು ಕೂತಿದ್ದರು.

"ಸೋಮವಾರ ಕೊಳ ರಜಾ ಐತಿ ಅಂದ್ರೂ ಕೇಳಲಿಲ್ಲ. ನಡು ಮಧ್ಯಾಹ್ನ ಬಂದು ಈಜಿದ್ರಿ, ಒಂದ್ ಮಾತೂ ಆಡಲಾರದ ಹೋದ್ರಿ. ನಾ ಏನ್ ತಪ್ಪ ಮಾಡೀನ್ರಿ ಅಕ್ಕಾರ?"

"ಸೋಮವಾರ ನಾನು ಸಮುದ್ರದಲ್ಲಿದ್ದೆ ಶಿವಪ್ಪನವರೇ."

ಅವರು ಡಬ್ಬಿಯನ್ನು ನನ್ನ ಕೈಗಿಟ್ಟರು. "ಎಣಿಸ್ರಿ, ಸೋಮವಾರದ ಬೀಜ ಹಂಗ ಅದಾವು. ನಾ ಏನ್ ಸುಳ್ಳ ಹೇಳಾಕತ್ತೀನೇನ್ರಿ?"

ಎಂಬತ್ತನಾಲ್ಕು ಬೀಜ. ಕೊಳದ ಉದ್ದ ಐವತ್ತು ಮೀಟರ್. ಮನೆಗೆ ಬಂದು, ದೋಣಿಯಲ್ಲಿ ಹೊತ್ತು ದೂರ ಬರೆದಿಟ್ಟಿದ್ದ ಪಟ್ಟಿಯ ಪ್ರತಿ ತೆಗೆದೆ. ವೀಕ್ಷಕರು ನನ್ನನ್ನು ಎಚ್ಚರಿಸಿದಾಗ ದಡಕ್ಕೆ ಉಳಿದಿದ್ದ ದೂರ ನಾಲ್ಕು ಸಾವಿರದ ಇನ್ನೂರು ಮೀಟರ್. ಎಂಬತ್ತನಾಲ್ಕನ್ನು ಐವತ್ತರಿಂದ ಮತ್ತೆ ಗುಣಿಸಿ ನೋಡಿದೆ, ಅಷ್ಟೇ ಬಂತು.

ಈ ದಾಖಲೆ ನನ್ನದು ಹೌದೋ ಅಲ್ಲವೋ ಎಂದು ತಳಮಳವಾಗಿ ವೀಕ್ಷಕರಿಗೇ ಫೋನು ಮಾಡಿ ಎಲ್ಲವನ್ನೂ ಹೇಳಿದೆ. ಅವರು ಬಹಳ ಹೊತ್ತು ನಕ್ಕರು. "ದೋಣಿ ಮುಟ್ಟಬಾರದು, ಮನುಷ್ಯರನ್ನ ಮುಟ್ಟಬಾರದು ಅಂತ ನಿಯಮ ಇದೆ. ಹುಣಸೆ ಬೀಜದ ಮಾತು ಎಲ್ಲೂ ಇಲ್ಲಮ್ಮ."

ಸರ್ಟಿಫಿಕೇಟು ಗೋಡೆಯ ಮೇಲಿದೆ, ಡಬ್ಬಿ ಅದರ ಕೆಳಗಿದೆ. ತಪ್ಪು ಎಲ್ಲಿದೆಯೆಂದು ಇಷ್ಟು ವರ್ಷ ಹುಡುಕಿದ್ದೇನೆ, ಸಿಕ್ಕಿಲ್ಲ. ಗೆದ್ದದ್ದು ನಾನೇ, ಅದರಲ್ಲಿ ಅನುಮಾನವಿಲ್ಲ. ಆದರೆ "ಅಷ್ಟು ದೂರ ಒಬ್ಬರೇ ಈಜಿದಿರಾ?" ಎಂದು ಯಾರಾದರೂ ಕೇಳಿದರೆ, ಹೌದೆನ್ನಲು ಇಂದಿಗೂ ನನಗೆ ನಾಲಿಗೆ ಏಳುವುದಿಲ್ಲ.