ಚೀಟಿಯಲ್ಲಿ ಬಂದಿತ್ತು ಎಂದೆ

ಹದಿನಾಲ್ಕು ವರ್ಷಗಳಿಂದ ನಾನು ರಾಜ್ಯಶಾಸ್ತ್ರದ ಅತಿಥಿ ಉಪನ್ಯಾಸಕ. ಪ್ರತಿವರ್ಷ ಹೊಸ ಆದೇಶ ಬಂದರೆ ಮಾತ್ರ ತರಗತಿಗೆ ಹೋಗುವ ಮೇಷ್ಟ್ರು. ಹಡಗಲಿಯಲ್ಲಿ ಪಾಠ ಮಾಡಿದ್ದೇನೆ, ಹರಪನಹಳ್ಳಿಯಲ್ಲಿ ಮಾಡಿದ್ದೇನೆ, ಹಗರಿಬೊಮ್ಮನಹಳ್ಳಿಯಲ್ಲೂ. ಮನೆ ಮಾತ್ರ ಕೊಟ್ಟೂರಿನಲ್ಲೇ. ಈಗ ಬರೆಯುತ್ತಿರುವುದು ಯಾವ ಊರಿನ ಕಾಲೇಜಿನಲ್ಲಿ ನಡೆದದ್ದು ಎಂದು ಹೇಳುವುದಿಲ್ಲ. ಹೇಳಿದರೆ ಆ ಹುಡುಗಿ ಯಾರೆಂದು ನಾಲ್ಕು ಜನಕ್ಕೆ ಗೊತ್ತಾಗುತ್ತದೆ. ಒಮ್ಮೆ ನನ್ನಿಂದ ಹಾಗಾದದ್ದು ಸಾಕು.

ಶನಿವಾರದ ಕೊನೆಯ ಪೀರಿಯಡ್ಡನ್ನು ಚರ್ಚೆಗೆಂದು ಇಟ್ಟಿದ್ದೆ. ಸಂವಿಧಾನದ ಹತ್ತೊಂಬತ್ತನೇ ವಿಧಿಯನ್ನು ನೋಟ್ಸ್ ಬರೆಸಿ ಮುಗಿಸುವುದಕ್ಕೆ ನನಗೆ ನಾಚಿಕೆಯಾಗುತ್ತಿತ್ತು. ವಾಕ್ ಸ್ವಾತಂತ್ರ್ಯದ ಮೇಲೆ ಪುಟಗಟ್ಟಲೆ ಬರೆಯುವ ಮಕ್ಕಳು ಮೂರು ವರ್ಷದಲ್ಲಿ ಒಮ್ಮೆಯೂ ಎದ್ದು ನಿಂತು ಮಾತಾಡದಿದ್ದರೆ ಏನು ಕಲಿಸಿದಂತಾಯಿತು? ಪರ, ವಿರೋಧ ಎಂದು ಚೀಟಿ ಎತ್ತಿಸುತ್ತಿದ್ದೆ. ನಿಯಮ ಒಂದೇ: "ಇಲ್ಲಿ ಆಡಿದ ಮಾತು ಈ ಬಾಗಿಲು ದಾಟಬಾರದು." ಎಷ್ಟು ಸಲ ಹೇಳಿದ್ದೆನೆಂದರೆ ಹುಡುಗರು ನನ್ನ ಜೊತೆಗೇ ರಾಗವಾಗಿ ಹೇಳುತ್ತಿದ್ದರು.

ಆಕೆ ಎರಡನೇ ವರ್ಷದ ಬಿ.ಎ. ಪಿಯುಸಿ ಮುಗಿದ ಬೇಸಿಗೆಯಲ್ಲೇ ಮದುವೆಯಾಗಿತ್ತು. ಗಂಡನ ಮನೆಯವರೇ ಓದಲಿ ಎಂದು ಸೇರಿಸಿದ್ದರು. ದೂರದ ಒಂದು ಹಳ್ಳಿಯಿಂದ ಎರಡು ಬಸ್ಸು ಬದಲಿಸಿ ಬರುತ್ತಿದ್ದಳು. ಹಾಜರಿ ಕೂಗಿದಾಗ ಬಿಟ್ಟರೆ ಅವಳ ದನಿಯನ್ನೇ ನಾನು ಕೇಳಿರಲಿಲ್ಲ.

ಒಂದು ಶುಕ್ರವಾರ ವರಾಂಡದಲ್ಲಿ ನನ್ನನ್ನು ನಿಲ್ಲಿಸಿದಳು. ಮರುದಿನದ ವಿಷಯ, ಪಂಚಾಯಿತಿ ಮೀಸಲಾತಿಯಿಂದ ಹೆಣ್ಣುಮಕ್ಕಳ ಕೈಗೆ ಅಧಿಕಾರ ಬಂದಿದೆಯೇ ಎಂಬುದು.

"ಸರ್, ನನಗ ಚೀಟಿ ಬ್ಯಾಡ್ರಿ. ಬಂದಿಲ್ಲ ಅನ್ನೋ ಕಡಿ ನಾನ ಮಾತಾಡ್ತೀನಿ."

ಶನಿವಾರ ಎದ್ದು ನಿಂತು, ಡೆಸ್ಕಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಶುರು ಮಾಡಿದಳು. "ನಮ್ಮತ್ತಿ ಪಂಚಾಯ್ತಿ ಅಧ್ಯಕ್ಷಿ ಅದಾರ. ಸಭಿ ದಿನ ಅವರು ಹೊಲದಾಗ ಇರ್ತಾರ, ಕುರ್ಚಿ ಮ್ಯಾಲ ಮಾವಾರು ಇರ್ತಾರ. ಸಂಜಿಗೆ ಕಾಗದ ಮನಿಗೆ ಬರ್ತಾವು. ಅತ್ತಿ ಹಿಟ್ಟಿನ ಕೈ ಒರಸ್ಕೊಂಡು ಸಹಿ ಹಾಕ್ತಾರ. ಒಮ್ಮಿ, ಇದರಾಗ ಏನು ಬರದೈತಿ ಅಂತ ಕೇಳಿದ್ರು. 'ನಿನಗ್ಯಾಕ ಅದು, ರೊಟ್ಟಿ ಸೀದಾವು ನೋಡು' ಅಂದ್ರು ಮಾವಾರು. ರೊಟ್ಟಿ ಸೀದಿರಲಿಲ್ರಿ. ಹಂಚಿನ ಮುಂದ ನಾನ ಕುಂತಿದ್ದೆ."

ಹಿಂದಿನ ಬೆಂಚಿನಿಂದ ಚಪ್ಪಾಳೆ ಶುರುವಾಯಿತು. ಇಂಥ ಪಾಠ ಯಾವ ಪುಸ್ತಕದಲ್ಲೂ ಇಲ್ಲ ಎಂದೆ. ಅವಳು ಕೂತು ನೀರು ಕುಡಿದಳು.

ಬುಧವಾರ ಆಕೆ ಬರಲಿಲ್ಲ. ಸೊಸೆ ಕಾಲೇಜಿನಲ್ಲಿ ಆಡಿದ ಮಾತು ಊರಿನ ಕಟ್ಟೆಯ ಮೇಲೆ ನಗೆಯಾಗಿದೆ, ಮನೆಯಲ್ಲಿ ದೊಡ್ಡ ಗಲಾಟೆಯಾಗಿದೆ ಎಂದು ಅವಳ ಪಕ್ಕ ಕೂರುತ್ತಿದ್ದ ಹುಡುಗಿ ಹೇಳಿದಳು. ನನಗೆ ಸಿಟ್ಟು ನೆತ್ತಿಗೇರಿತು. ಬಾಗಿಲು ದಾಟಿಸಿದವರು ಯಾರು ಎಂದು ಕೂಗಾಡಿದೆ. ನಿಮ್ಮಂಥವರಿಗೆ ಸ್ವಾತಂತ್ರ್ಯ ಕೊಟ್ಟಿದ್ದೇ ತಪ್ಪು ಎಂದೆ. ಎಲ್ಲರೂ ತಲೆ ತಗ್ಗಿಸಿದರು.

ಗುರುವಾರ ಪ್ರಾಂಶುಪಾಲರಿಂದ ಕರೆ ಬಂತು. ಅವರ ಕೋಣೆಯಲ್ಲಿ ಆಕೆಯ ಮಾವ ಕೂತಿದ್ದರು, ಇಸ್ತ್ರಿ ಮಾಡಿದ ಬಿಳಿ ಅಂಗಿ. ಆಕೆ ಗೋಡೆಗೆ ಒತ್ತಿ ನಿಂತಿದ್ದಳು. ಮಾವ ಬೈಯಲಿಲ್ಲ.

"ಓದಲಿ ಅಂತ ಕಳಿಸಿದ್ವಿ ಸರ್. ನಮ್ಮ ಮನಿ ಮಾತು ಊರಾಗ ಹರಾಜು ಆತು."

"ಹುಡುಗರಿಗೆ ನಾನು ತಾಕೀತು ಮಾಡೀನ್ರಿ..."

"ಹುಡುಗರು ಹೇಳಿಲ್ಲರಿ. ನಿಮ್ಮ ಸ್ಟಾಫ್ ರೂಮಿನಾಗ ಚಾ ಕುಡಿಯುವಾಗ ನೀವ ಹೇಳಿದ್ರಂತ. ಅಲ್ಲಿದ್ದ ಮೇಷ್ಟ್ರೊಬ್ರ ಭಾವಮೈದ ನಮ್ಮ ಪಂಚಾಯ್ತಿ ಮೆಂಬರ್ ಅದಾನ."

ಹೌದು. ಸೋಮವಾರ ನಾನೇ ಹೇಳಿದ್ದೆ. ನನ್ನ ತರಗತಿ ಎಂಥದ್ದು ನೋಡಿ ಎಂಬ ಜಂಬದಲ್ಲಿ, ರೊಟ್ಟಿಯ ಮಾತನ್ನು ಅಭಿನಯಿಸಿ ತೋರಿಸಿದ್ದೆ. ಎಲ್ಲರೂ ನಕ್ಕಿದ್ದರು, ನಾನೂ ನಕ್ಕಿದ್ದೆ.

ಪ್ರಾಂಶುಪಾಲರು ನನ್ನತ್ತ ತಿರುಗಿ, "ಇಂಥಾ ವಿಷಯದಾಗ ಆಕಿ ಕಡಿಂದ ಹಂಗ ಮಾತಾಡ್ಸಿದ್ಯಾಕ?" ಎಂದರು. ಮುಂದಿನ ವರ್ಷದ ಆದೇಶಕ್ಕೆ ನನ್ನ ಬಗ್ಗೆ ವರದಿ ಬರೆಯಬೇಕಾದವರು ಅವರೇ.

"ಚೀಟಿಯಲ್ಲಿ ಬಂದಿತ್ತು ಸರ್," ಎಂದೆ. "ಯಾವ ಕಡೆ ಬಂತೋ ಆ ಕಡೆ ಮಾತಾಡಬೇಕು. ಅದು ಆಕೆಯ ಅಭಿಪ್ರಾಯವಲ್ಲ. ಸುಮ್ಮನೆ ಕಟ್ಟಿ ಹೇಳಿದ್ದು."

ಅವಳನ್ನು ಉಳಿಸಲು ಹಾಗೆ ಹೇಳಿದೆ ಎಂದು ಎಷ್ಟೋ ದಿನ ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡೆ. ಆ ಹೊತ್ತಿನಲ್ಲಿ ಅವಳ ನೆನಪೇ ನನಗಿರಲಿಲ್ಲ.

ಮಾವ ಸೊಸೆಯತ್ತ ನೋಡಿದರು. "ಹೌದೇನವ್ವ? ಚೀಟಿ ಬಂದಿತ್ತೇನು?"

ಹೂಂ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಮಾವನ ದನಿಯಲ್ಲೂ ಹಾಗೆ ಅನ್ನಲಿ ಎಂಬ ಆಸೆಯಿತ್ತು. ಆಕೆ ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು.

"ಇಲ್ರಿ ಮಾವಾ. ನಾನ ಕೇಳಿ ತಗೊಂಡಿದ್ದೆ. ನಾ ಹೇಳಿದ್ದು ಖರೇ ಐತಿ."

ಪ್ರಾಂಶುಪಾಲರು ಮೇಜಿನ ಮೇಲಿನ ಫೈಲು ಸರಿಪಡಿಸಿದರು. ಮಾವ ಎದ್ದು, ಇಬ್ಬರಿಗೂ ಕೈಮುಗಿದು, ಸೊಸೆಯನ್ನು ಕರೆದುಕೊಂಡು ಹೊರಟರು. ಅದೇ ಆಕೆಯ ಕೊನೆಯ ದಿನ.

ಎರಡು ವಾರದ ಮೇಲೆ ಟಿ.ಸಿ. ತೆಗೆದುಕೊಳ್ಳಲು ಅತ್ತೆ ಒಬ್ಬರೇ ಬಂದರು. ಪಂಚಾಯಿತಿ ಅಧ್ಯಕ್ಷೆ ಎಂದು ಅವರು ಯಾರಿಗೂ ಹೇಳಿಕೊಳ್ಳಲಿಲ್ಲ. ಕಚೇರಿಯ ಹೊರಗಿನ ಬೆಂಚಿನ ಮೇಲೆ ಒಂದು ಗಂಟೆ ಕಾದರು. ಗುಮಾಸ್ತ ನನ್ನನ್ನು ತೋರಿಸಿದ್ದೇ ಎದ್ದು ನಿಂತರು.

"ಬೇಕಿದ್ರ ಇನ್ನೊಂದು ವರ್ಷ ಬಿಟ್ಟು ಕಳಿಸ್ರಿ ಅಮ್ಮ," ಎಂದೆ.

"ನಾ ಕಳಿಸೇನಂದ್ರ ಆಗತೈತೇನ್ರಿ?" ಎಂದರು. ಆಮೇಲೆ ಸಣ್ಣ ದನಿಯಲ್ಲಿ, "ಆಕಿ ನಮ್ಮಿಂದ ಕೆಟ್ಟಾಕಿ ಅನಿಸ್ಕೊಂಡ್ಲು. ನನ್ನ ಪರ ಮಾತಾಡ್ದಾಕಿ ಆಕಿ ಒಬ್ಬಾಕಿನ ನೋಡ್ರಿ. ನೀವು ಯಾಕ ಚೀಟಿ ಅಂದ್ರಿ ಸರ್?"

ನನಗೆ ಕ್ಲಾಸ್ ಇದೆ ಎಂದು ಹೇಳಿ ನಡೆದೆ. ಆಗ ನನಗೆ ಕ್ಲಾಸ್ ಇರಲಿಲ್ಲ.

ನನ್ನ ಆದೇಶ ಮಾತ್ರ ಮುಂದಿನ ವರ್ಷವೂ ಬಂತು. ಚರ್ಚೆಯ ವಿಷಯಗಳನ್ನು ಮೊದಲೇ ತೋರಿಸಿ ಎಂದು ಯಾರೂ ಕೇಳಲಿಲ್ಲ. ನಾನೇ ಪಟ್ಟಿ ಮಾಡಿ ಪ್ರಾಂಶುಪಾಲರ ಮೇಜಿನ ಮೇಲಿಟ್ಟು ಬಂದೆ. ಹುಡುಗರ ಕ್ಷಮೆಯನ್ನೂ ಕೇಳಲಿಲ್ಲ. ಬೈದದ್ದು ನನ್ನ ತಪ್ಪಿಗೆ ಎಂದು ಅವರಿಗೆ ಅಷ್ಟರಲ್ಲಿ ಗೊತ್ತಾಗಿತ್ತು. ಶನಿವಾರ ಈಗಿನ ಹುಡುಗರೇ ಬೇಗ ಮನೆಗೆ ಬಿಡಿ ಎನ್ನುತ್ತಾರೆ, ಬಿಡುತ್ತೇನೆ.

ಹೋದ ವರ್ಷ ಕೊಟ್ಟೂರು ಬಸ್ ನಿಲ್ದಾಣದಲ್ಲಿ ಆಕೆ ಸಿಕ್ಕಳು. ಅವಳೇ ಹತ್ತಿರ ಬಂದು, "ಅರಾಮ ಅದೀರೇನ್ರಿ ಸರ್?" ಎಂದಳು. ಈ ವರ್ಷ ಚರ್ಚೆಗೆ ಏನು ವಿಷಯ ಕೊಟ್ಟಿದ್ದೀರಿ ಎಂದು ಕೇಳಿದಳು.

"ಮೊಬೈಲ್ ಬೇಕೋ ಬೇಡವೋ ಅಂತ."

"ಚಲೋ ಆತು ಬಿಡ್ರಿ. ಅದಕ್ಕ ಯಾರ ಮನ್ಯಾಗೂ ಸಿಟ್ಟು ಬರಂಗಿಲ್ಲ."

ಚುಚ್ಚಿ ಹೇಳಿದಂತೆ ಇರಲಿಲ್ಲ. ಅವಳ ಬಸ್ಸು ಬರುವುದಕ್ಕೆ ಇನ್ನೂ ಐದು ನಿಮಿಷವಿತ್ತು. ತಪ್ಪಾಯಿತು ಎನ್ನಲು ಅಷ್ಟು ಸಮಯ ಧಾರಾಳವಾಗಿ ಸಾಕು. ಊರು ಮುಟ್ಟುವಷ್ಟರಲ್ಲಿ ಎಷ್ಟು ಹೊತ್ತಾಗುತ್ತದೆ ಎಂದು ಕೇಳಿದೆ. ಹೇಳಿದಳು.